ಬೋರಿಗೆ ಬಂದ ಗಾಡಿ, ಬೋರಾಗದ ಹವ್ಯಾಸ

ಹರಪನಹಳ್ಳಿಯಲ್ಲಿ ಹಳೆಯ ಬೈಕುಗಳ ನಂಬರ್ ಪ್ಲೇಟು ಓದುವುದೇ ಒಂದು ಚರಿತ್ರೆಯ ಪಾಠ. ಕೆಎ 17 ಎಂದಿದ್ದರೆ ಅದು ದಾವಣಗೆರೆಯ ಕಾಲದ್ದು. 1997ರಲ್ಲಿ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದ ಮೇಲೆ ನೋಂದಣಿಯಾದದ್ದು. ಕೆಎ 34 ಎಂದರೆ ಬಳ್ಳಾರಿ, ಕೆಎ 35 ಎಂದರೆ ಹೊಸಪೇಟೆ. ತಾಲ್ಲೂಕು ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಮಡಿಲಿಗೆ ಬಿತ್ತು. ಜನರ ವಿಳಾಸ ಬದಲಾಯಿತು, ಗಾಡಿಯ ಪ್ಲೇಟು ಮಾತ್ರ ಹಾಗೇ ಉಳಿಯಿತು. ಅಪರೂಪಕ್ಕೆ ಎಂವೈ ಅಥವಾ ಸಿಎ ಎಂದು ಶುರುವಾಗುವ ಪ್ಲೇಟು ಕಂಡರಂತೂ ನಿಂತು ನೋಡಬೇಕು. ಕೆಎ ಅಕ್ಷರಗಳು ಬಂದದ್ದೇ 1989ರಲ್ಲಿ. ಅದಕ್ಕೂ ಹಿಂದಿನ ಆ ಬೈಕು ಬಹುಮಟ್ಟಿಗೆ ಜಾವಾ, ಯೆಜ್ಡಿ, ರಾಜದೂತ್, ಇಲ್ಲವೇ ಬುಲೆಟ್. ಬುಲೆಟ್ ಒಂದನ್ನು ಬಿಟ್ಟರೆ ಉಳಿದ ಮೂರೂ ಟೂ ಸ್ಟ್ರೋಕ್ ಗಾಡಿಗಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಬಯಲಿನಲ್ಲಿ ಹಿರಿಯರು ಮೋಟರ್ ಸೈಕಲ್ಲನ್ನು ಕರೆಯುತ್ತಿದ್ದದ್ದು ಪಟಪಟಿ ಎಂದು. ಆ ಹೆಸರು ಬಂದದ್ದು ಸದ್ದಿನಿಂದ. ಇವತ್ತಿನ ಬೈಕುಗಳು ಆ ಸದ್ದು ಮಾಡುವುದಿಲ್ಲ. ಹಾಗಾಗಿ ದನದ ಮನೆಯ ಮೂಲೆಯಲ್ಲಿ ಶೇಂಗಾ ಚೀಲಗಳ ಹಿಂದೆ, ಮುರಿದ ರಂಟೆಯ ಪಕ್ಕದಲ್ಲಿ ಧೂಳು ಹೊದ್ದು ನಿಂತ ಅಜ್ಜನ ಯೆಜ್ಡಿಯನ್ನು ಎಳೆದು ತಂದು, ಮನೆಯ ಅಂಗಳದಲ್ಲೇ ಬಿಚ್ಚಿ, ತೊಳೆದು, ಮತ್ತೆ ಕಿಕ್ ಹೊಡೆಯುವ ಹವ್ಯಾಸಕ್ಕೆ ಅರ್ಧ ಕಾರಣ ಕಿವಿ. ಇನ್ನರ್ಧ ಕಾರಣ ಆ ಎಂಜಿನ್ನಿನ ಸ್ವಭಾವ.

ಟೂ ಸ್ಟ್ರೋಕ್ ಎಂಜಿನ್ನು ಬಿಚ್ಚಿಸಿಕೊಳ್ಳಲೆಂದೇ ಹುಟ್ಟಿದ್ದು ಎನ್ನಬಹುದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನ ತಲೆಯೊಳಗೆ ವಾಲ್ವು, ಸ್ಪ್ರಿಂಗು, ಕ್ಯಾಮು, ಅದನ್ನು ತಿರುಗಿಸುವ ಚೈನು, ಹೀಗೆ ಒಂದು ಸಂಸಾರವೇ ಇರುತ್ತದೆ. ಟೂ ಸ್ಟ್ರೋಕಿನ ತಲೆ ಖಾಲಿ. ಅಲ್ಲಿರುವುದು ಒಂದು ಪ್ಲಗ್ ಮಾತ್ರ. ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಅದು ಉಸಿರಾಡುವ ರೀತಿ ಕಮ್ಮಾರನ ತಿದಿಯಂತೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ ಜಾಗ ಹೆಚ್ಚಿ, ಗಾಳಿ ಬೆರೆತ ಪೆಟ್ರೋಲು ಒಳಗೆ ನುಗ್ಗುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೂಲಕ ಮೇಲಕ್ಕೆ ಹಾರುತ್ತದೆ. ಬಾಗಿಲು ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇರೆ ಆಳಿಲ್ಲ, ಎಲ್ಲವೂ ಪಿಸ್ಟನ್ನಿನ ಕೆಲಸವೇ. ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಒಂದು ಸ್ಫೋಟ. ನಾಲ್ಕು ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು. ಆದ್ದರಿಂದಲೇ ಚಿಕ್ಕ ಎಂಜಿನ್ನಿನಿಂದ ದೊಡ್ಡ ಸೆಳೆತ. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ರ 98 ಸಿಸಿ ಎಂಜಿನ್ 11 ಕುದುರೆ ಶಕ್ತಿ ಕೊಡುತ್ತಿತ್ತು. ಅದೇ ವರ್ಷ ಬಂದ ನಾಲ್ಕು ಸ್ಟ್ರೋಕಿನ ಹೀರೊ ಹೋಂಡಾ ಸಿಡಿ 100ರದ್ದು ಸುಮಾರು 7.

ಕ್ರ್ಯಾಂಕ್ ಕೇಸನ್ನೇ ಪಂಪಿನಂತೆ ಬಳಸುವ ಈ ಉಪಾಯ 1891ರಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ ಎಂಬಾತನಿಗೆ ಹೊಳೆದದ್ದು. ಅದು ನಮ್ಮ ಬಯಲುಸೀಮೆಗೆ ಬಂದ ದಾರಿ ಮಾತ್ರ ಸುತ್ತುಬಳಸಿನದು. ಚೆಕ್ ನಾಡಿನ ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿ ಜಾವಾ ಎಂದು ಹೆಸರಿಟ್ಟ. ಮೂರು ದಶಕ ಕಳೆದ ಮೇಲೆ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅದರ ಲೈಸೆನ್ಸ್ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಕಂಪನಿ 1973ರಿಂದ ಯೆಜ್ಡಿ ಎಂಬ ತನ್ನದೇ ಹೆಸರಿನಲ್ಲಿ ಗಾಡಿ ಮಾರಿತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಆ ಹೆಸರು ಎನ್ನುವುದು ರೂಢಿಯ ವಿವರಣೆ. ಪಾರ್ಸಿಗಳಿಗೆ ಆ ಊರು ತವರಿದ್ದಂತೆ. ಚೆಕ್ ಭಾಷೆಯಲ್ಲಿ ‘ಯೆಜ್ದಿ’ ಎಂದರೆ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥ ಬರುವುದು ಸೊಗಸಾದ ಕಾಕತಾಳೀಯ.

ಜಾವಾದ ಹಳೆಯ ಮಾದರಿಯನ್ನು ಮೊದಲ ಸಲ ಏರಿದವರು ಮೋಸ ಹೋಗುವುದು ಖಂಡಿತ. ಎಡಗಾಲಿನ ಬಳಿ ಇರುವುದು ಒಂದೇ ಸಲಾಕೆ. ಅದನ್ನು ಒದ್ದರೆ ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರು. ಗೇರು ಬದಲಿಸುವಾಗ ಕ್ಲಚ್ ಹಿಡಿಯುವ ಅಗತ್ಯವೂ ಇಲ್ಲ, ಕಾಲಿನ ಒತ್ತಡಕ್ಕೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತದೆ. ಹಿಂಚಕ್ರದ ಚೈನು ಪೂರ್ತಿ ತಗಡಿನ ಕವಚದೊಳಗೆ. ಪಂಚೆಯ ಅಂಚು, ಸೀರೆಯ ಸೆರಗು ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ, ಕೂಡ್ಲಿಗಿಯ ಕಚ್ಚಾ ರಸ್ತೆಯ ಧೂಳು ಚೈನನ್ನು ತಿನ್ನುವುದೂ ಇಲ್ಲ. ಚೆಕ್ ಚಳಿಗೆ, ಮಂಜಿಗೆ ಮಾಡಿದ ಕವಚ ಇಲ್ಲಿಯ ಬಿಸಿಲು ಧೂಳಿಗೂ ಒದಗಿತು. ಹೊಸ ಬೈಕುಗಳಲ್ಲಿ ಇಷ್ಟು ಬುದ್ಧಿವಂತಿಕೆಯ ಚೈನ್ ಕವಚ ಏಕಿಲ್ಲ ಎಂದು ಕೇಳಬಹುದಾದ ಪ್ರಶ್ನೆಯೇ.

ರಾಜದೂತ್ ಬಂದದ್ದು ಪೋಲೆಂಡಿನ ಎಸ್‌ಎಚ್‌ಎಲ್ ಮಾದರಿಯಿಂದ. ಹಾಲಿನ ಕ್ಯಾನು ಹೊರುವವರ ನೆಚ್ಚಿನ ಗಾಡಿ ಅದು. ಹೆಚ್ಚು ವೇಗವಿಲ್ಲ, ಹೆಚ್ಚು ತಕರಾರೂ ಇಲ್ಲ. ಅದರ ಗುಂಗುರು ಗಾತ್ರದ ತಮ್ಮ ಜಿಟಿಎಸ್ 1973ರ ‘ಬಾಬಿ’ ಸಿನಿಮಾದಲ್ಲಿ ಕಾಣಿಸಿಕೊಂಡು, ಕೊನೆಗೆ ಬಾಬಿ ಎಂದೇ ಹೆಸರಾಯಿತು.

ಇಂದಿನ ಹುಡುಗರ ಕಣ್ಣು ಮಾತ್ರ ಆರ್‌ಎಕ್ಸ್ 100ರ ಮೇಲೆ. 2015ರಲ್ಲಿ ದುನಿಯಾ ವಿಜಯ್ ನಟಿಸಿದ ಚಿತ್ರಕ್ಕೆ ‘ಆರ್‌ಎಕ್ಸ್ ಸೂರಿ’ ಎಂದೇ ಹೆಸರಿಟ್ಟರು ಎಂದರೆ ಅದರ ಹುಚ್ಚು ಎಷ್ಟೆಂದು ತಿಳಿಯುತ್ತದೆ. ಕಂಪನಿ 1996ರಲ್ಲಿ ನಿಲ್ಲಿಸಿದ ಗಾಡಿಗೆ ಈಗ ಲಕ್ಷ ದಾಟಿದ ಬೆಲೆ ಹೇಳುವವರಿದ್ದಾರೆ. ಇದರ ಸೆಳೆತದ ಹಿಂದೆ ಒಂದು ಪತ್ತೇದಾರಿ ಕಥೆಯೇ ಇದೆ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿ ವಾಲ್ಟರ್ ಕಾಡನ್ ಎಂಬ ಎಂಜಿನಿಯರ್ ಟೂ ಸ್ಟ್ರೋಕಿನ ಹೊಗೆ ಕೊಳವೆಯ ಗುಟ್ಟನ್ನು ಪಳಗಿಸಿದ್ದ. ಈ ಎಂಜಿನ್ನಿನ ದೊಡ್ಡ ದೋಷವೆಂದರೆ, ಸುಟ್ಟ ಹೊಗೆಯ ಜತೆಗೆ ಸುಡದ ಪೆಟ್ರೋಲೂ ಒಂದಿಷ್ಟು ಹೊರಗೆ ಓಡಿಹೋಗುವುದು. ಕೊಳವೆಯ ಹೊಟ್ಟೆಯನ್ನು ಲೆಕ್ಕ ಹಾಕಿ ಹಿಗ್ಗಿಸಿ, ಮತ್ತೆ ಕಿರಿದು ಮಾಡಿದರೆ, ಒತ್ತಡದ ಅಲೆ ಅಲ್ಲಿ ಬಡಿದು ಹಿಂತಿರುಗಿ ಬಂದು ಓಡಿಹೋಗುತ್ತಿದ್ದ ಮಿಶ್ರಣವನ್ನು ಸಿಲಿಂಡರಿಗೇ ತಳ್ಳುತ್ತದೆ. ಆ ಕಂಪನಿಯ ಸವಾರ ಅರ್ನ್ಸ್ಟ್ ಡೆಗ್ನರ್ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋದವನು ಊರಿಗೆ ಮರಳಲಿಲ್ಲ. ಬರ್ಲಿನ್ ಗೋಡೆ ಎದ್ದು ಆಗಿನ್ನೂ ಒಂದು ತಿಂಗಳು. ಗುಟ್ಟನ್ನು ಹೊತ್ತು ಅವನು ಜಪಾನಿನ ಸುಜುಕಿ ಸೇರಿದ, ಮರುವರ್ಷವೇ 50 ಸಿಸಿ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದ. ಜಪಾನಿನ ಟೂ ಸ್ಟ್ರೋಕುಗಳು ಆಮೇಲೆ ಜಗತ್ತನ್ನು ಆಳಿದವು. ಆರ್‌ಎಕ್ಸ್ 100 ಆ ವಂಶದ ಕೂಸು.

ಈ ಕಥೆ ಹೇಳಲು ಕಾರಣವಿದೆ. ಆರ್‌ಎಕ್ಸ್ ಕೊಂಡ ಮೊದಲ ವಾರವೇ ಸೈಲೆನ್ಸರ್ ಕತ್ತರಿಸಿ, ಒಳಗಿನ ಜಾಲರಿ ಕಿತ್ತು ಊರು ನಡುಗಿಸುವವರು ಕೊಟ್ಟೂರಿನಲ್ಲೂ ಇದ್ದಾರೆ, ಹಡಗಲಿಯಲ್ಲೂ ಇದ್ದಾರೆ. ಕತ್ತರಿಸಿದ ಕೊಳವೆಯಲ್ಲಿ ಆ ಅಲೆ ಹಿಂತಿರುಗುವ ಲೆಕ್ಕವೇ ತಪ್ಪುತ್ತದೆ. ಸದ್ದು ಏರುತ್ತದೆ, ಪಿಕಪ್ ಇಳಿಯುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ. ಪೊಲೀಸರ ದಂಡ ಬೇರೆ. ಒಂದು ದೇಶದಿಂದ ಕದ್ದು ತಂದ ಗುಟ್ಟನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಗುಜರಿಗೆ ಹಾಕಿದಂತೆ.

ಟೂ ಸ್ಟ್ರೋಕ್ ಬೈಕುಗಳು ಸತ್ತದ್ದು ಹೊಗೆಯ ಕಾರಣಕ್ಕೆ. 1991ರಲ್ಲಿ ಮೊದಲು ಬಂದ ಹೊಗೆ ನಿಯಮಗಳು 1996ರಲ್ಲಿ ಬಿಗಿಯಾದವು, 2000ದಲ್ಲಿ ಇನ್ನಷ್ಟು ಬಿಗಿಯಾದವು. ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿದ್ದೂ 1996ರಲ್ಲೇ, ಆದರೆ ಅಲ್ಲಿ ಹೊಗೆಯ ಜತೆ ಸಾಲದ, ಮಾರಾಟದ ತೊಂದರೆಗಳೂ ಇದ್ದವು. ಮೈಲೇಜ್ ಲೆಕ್ಕ ಹಾಕುವ ರೈತನಿಗೆ ನಾಲ್ಕು ಸ್ಟ್ರೋಕು ರುಚಿಸಿತು. ಯಮಾಹಾದ ಆರ್‌ಎಕ್ಸ್ 135 ಮಾತ್ರ 2005ರವರೆಗೆ ಹಟ ಹಿಡಿದು ನಿಂತಿತ್ತು. ಹಳ್ಳಿಯ ಟಿವಿಎಸ್ ಎಕ್ಸ್‌ಎಲ್ ಕೂಡ 2015ರಲ್ಲಿ ನಾಲ್ಕು ಸ್ಟ್ರೋಕಿಗೆ ಹೊರಳಿತು.

ಇನ್ನು ಹವ್ಯಾಸದ ಮಾತು. ಹೊಸಬರು ಮಾಡುವ ಮೊದಲ ತಪ್ಪು ಎಂಜಿನ್ ನೋಡಿ ಗಾಡಿ ಕೊಳ್ಳುವುದು. ನೋಡಬೇಕಾದದ್ದು ಕಾಗದ. ಎಂಜಿನ್ ಎಷ್ಟೇ ಕೆಟ್ಟಿದ್ದರೂ ಸರಿ ಮಾಡಬಹುದು, ಆರ್‌ಸಿ ಇಲ್ಲದ ಗಾಡಿಯನ್ನು ಸರಿ ಮಾಡುವುದು ಬಹಳ ಕಷ್ಟ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಆರ್‌ಸಿ ಪುಸ್ತಕದ ಜತೆ ಅಂಕಿ ಅಂಕಿ ಹೋಲಿಸಬೇಕು. ಆರ್‌ಎಕ್ಸ್ ಕಳ್ಳರಿಗೂ ಪ್ರಿಯವಾದ ಗಾಡಿ. ಉಜ್ಜಿ ಮತ್ತೆ ಕೊರೆದ ನಂಬರು ಕಂಡರೆ ಎಷ್ಟು ಅಗ್ಗವಾದರೂ ಕೈ ಮುಗಿದು ಬರುವುದು ಲೇಸು. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ನಮೂನೆ 25 ತುಂಬಿ, ಗಾಡಿಯನ್ನು ತೋರಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30. ಅಜ್ಜನ ಹೆಸರಿನಲ್ಲೇ ಉಳಿದ ಗಾಡಿಯಾದರೆ ಮರಣ ಪ್ರಮಾಣಪತ್ರದಿಂದ ಶುರು ಮಾಡಬೇಕು. ಅಣ್ಣತಮ್ಮಂದಿರ ನಡುವೆ ಹೊಲದ ಪಾಲಾಗಿದ್ದರೂ ಯೆಜ್ಡಿಯ ಪಾಲು ಆಗಿರುವುದಿಲ್ಲವಲ್ಲ!

2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ಬೇರೆ ನಿಯಮ ತಂದಿತು. ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮತ್ತೆ ನವೀಕರಣಕ್ಕೆ 5,000. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಯಂಥ ಕಾರಣಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೈಸೂರು ಜಾವಾಗಳಲ್ಲಿ ಹಲವಕ್ಕೆ ಈ ವಯಸ್ಸಾಗಿದೆ. ಆರ್‌ಎಕ್ಸ್ 100 ಅಲ್ಲಿಗೆ ಮುಟ್ಟಲು 2035 ಬರಬೇಕು. ಸಂತೆಗೆ ಹೋಗಿ ಬರಲು ಗಾಡಿ ಬೇಕು ಎನ್ನುವವರಿಗೆ ಸಾಮಾನ್ಯ ನವೀಕರಣವೇ ಸರಿ.

ಈ ಐದು ತಾಲ್ಲೂಕುಗಳಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ವರವೆಂದು ಎಣಿಸುವುದಿಲ್ಲ: ಮಳೆ ಕಡಿಮೆ. ಕರಾವಳಿಯಲ್ಲಿ ಹತ್ತು ವರ್ಷ ಹೊರಗೆ ನಿಂತ ಬೈಕಿನ ಮಡ್‌ಗಾರ್ಡು ಕೈಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಕೂಡ್ಲಿಗಿಯ ಒಣಗಾಳಿಯಲ್ಲಿ ಅದೇ ತಗಡು ಕೆಂಪು ಪುಡಿ ಹೊದ್ದುಕೊಂಡರೂ ಒಳಗೆ ಗಟ್ಟಿ ಉಳಿಯುವ ಸಂಭವ ಹೆಚ್ಚು. ಹಾಳಾಗುವುದು ರಬ್ಬರು, ಬಿಸಿಲಿಗೆ ಬಿರಿದು ಪೆಟ್ರೋಲ್ ಪೈಪು, ಕೇಬಲ್ಲಿನ ಹೊದಿಕೆ, ಟೈರು ಎಲ್ಲ ಹೋಗಿರುತ್ತವೆ. ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿರುತ್ತದೆ. ಸೈಲೆನ್ಸರಿನೊಳಗೆ ಕಣಜದ ಗೂಡು ಇದ್ದರೂ ಆಶ್ಚರ್ಯವಿಲ್ಲ.

ಹಾಗಾಗಿ ಮನೆಗೆ ತಂದ ಕೂಡಲೇ ಕಿಕ್ ಹೊಡೆಯಬಾರದು. ತುಕ್ಕು ಹಿಡಿದ ಬೋರಿನಲ್ಲಿ ಪಿಸ್ಟನ್ ಬಲವಂತವಾಗಿ ಓಡಿದರೆ ಉಳಿಯಬಹುದಾಗಿದ್ದ ರಿಂಗೂ ಮುರಿಯುತ್ತದೆ. ಪ್ಲಗ್ ಬಿಚ್ಚಿ, ರಂಧ್ರದೊಳಗೆ ನಾಲ್ಕು ಚಮಚ ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ಮನಿರಬೇಕು. ಆ ಎರಡು ದಿನ ಫೋಟೊ ತೆಗೆಯಲು: ಯಾವ ವೈರು ಎಲ್ಲಿಗೆ, ಯಾವ ಕೇಬಲ್ಲು ಯಾವುದರ ಹಿಂದಿನಿಂದ, ಎಲ್ಲಕ್ಕೂ ಮೊಬೈಲಿನಲ್ಲಿ ಲೆಕ್ಕ ಇರಲಿ. ಬಿಚ್ಚಿದ ಬೋಲ್ಟುಗಳಿಗೆ ಮೊಟ್ಟೆಯ ಟ್ರೇಗಿಂತ ಒಳ್ಳೆಯ ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ. ಗುಳಿಗೊಂದು ಬೋಲ್ಟು, ಪಕ್ಕದಲ್ಲಿ ಪೆನ್ನಿನಿಂದ ಹೆಸರು. ಆತುರಗಾರರು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯುತ್ತಾರೆ. ಆರು ತಿಂಗಳ ನಂತರ ಗಾಡಿ ಪೂರ್ತಿ ಜೋಡಣೆಯಾಗಿ, ಡಬ್ಬಿಯಲ್ಲಿ ಏಳು ಬೋಲ್ಟು ಉಳಿದಿರುತ್ತವೆ.

ಪೆಟ್ರೋಲ್ ಟ್ಯಾಂಕಿನ ತುಕ್ಕು ತೆಗೆಯುವ ವಿದ್ಯೆ ಅಡುಗೆ ಮನೆಯದೇ. ಹಿತ್ತಾಳೆ ಕೊಡಕ್ಕೆ ಹುಣಸೆ ಹುಳಿ ಹಚ್ಚುವವರಿಗೆ ಆಮ್ಲ ಏನು ಮಾಡುತ್ತದೆಂದು ಹೇಳಿಕೊಡಬೇಕಿಲ್ಲ. ಟ್ಯಾಂಕಿಗೆ ಹಿಡಿಯಷ್ಟು ಸಣ್ಣ ನಟ್ಟು ಅಥವಾ ಹಳೆಯ ಚೈನಿನ ತುಂಡು ಹಾಕಿ, ವಿನಿಗರ್ ತುಂಬಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ರಾಗಿ ಕೇರಿದಂತೆ ಕುಲುಕಬೇಕು. ಕೆಂಪು ನೀರು ಹೊರಬರುತ್ತದೆ. ತೊಳೆದು, ಅಡಿಗೆ ಸೋಡದ ನೀರಿನಿಂದ ಆಮ್ಲ ತೆಗೆದು, ಬಿಸಿಲಿಗೆ ಒಣಗಿಸಿ, ಒಡನೆಯೇ ಒಳಗೆ ಎಣ್ಣೆ ಸವರದಿದ್ದರೆ ಸಂಜೆಯೊಳಗೆ ತುಕ್ಕು ಮತ್ತೆ ಹಾಜರು.

ಎಂಜಿನ್ನಿನ ವಿಷಯಕ್ಕೆ ಬಂದರೆ, ಬೋರು ಎಂಬ ಪದಕ್ಕೆ ಈ ಭಾಗದಲ್ಲಿ ಮೂರು ಅರ್ಥ. ಹೊಲದಲ್ಲಿ ಕೊರೆಸುವುದು ಬೋರು, ಬೇಸರಕ್ಕೂ ಬೋರು, ಎಂಜಿನ್ ಸವೆದರೂ ‘ಬೋರಿಗೆ ಬಂದಿದೆ’. ಮೂರನೆಯದರಲ್ಲಿ ಮಾತ್ರ ಫಲ ಸಿಗುವುದು ಗ್ಯಾರಂಟಿ! ಸವೆದ ಸಿಲಿಂಡರನ್ನು ಲೇತ್ ಅಂಗಡಿಗೆ ಒಯ್ದರೆ ಒಳಗೋಡೆಯನ್ನು ಸಣ್ಣಗೆ ಕೊರೆದು ಹಿಗ್ಗಿಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಪಿಸ್ಟನ್‌ಗಳು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಹೆಜ್ಜೆಯಲ್ಲಿ ದಪ್ಪವಾಗುತ್ತ ಹೋಗುತ್ತವೆ: 0.25, 0.50, 0.75, 1.00. ಕೊನೆಯ ಹೆಜ್ಜೆ ಮುಗಿದ ಸಿಲಿಂಡರಿಗೆ ಹೊಸ ಸ್ಲೀವ್ ಹೊಡೆಸಬೇಕು. ಇಲ್ಲಿ ತಪ್ಪಬಾರದ ನಿಯಮ ಒಂದಿದೆ: ಪಿಸ್ಟನ್ ಮೊದಲು ಕೊಂಡು, ಅದನ್ನೇ ಕೈಗೆ ಕೊಟ್ಟು ಬೋರು ಹೊಡೆಸಬೇಕು. ಬೋರು ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಿದರೆ, ಡುಪ್ಲಿಕೇಟ್ ಪಿಸ್ಟನ್ನಿನ ಅಳತೆ ಒಂದು ಕೂದಲೆಳೆ ಹೆಚ್ಚಿದ್ದರೂ ಎಂಜಿನ್ ಸೀಜ್. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು. ರಿಂಗಿನ ಬಾಯಿ ಚಿಕ್ಕ ಪಿನ್ನಿಗೆ ಸರಿಯಾಗಿ ಕೂರಬೇಕು, ಏಕೆಂದರೆ ರಿಂಗು ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿದರೆ ಗೋಡೆಯನ್ನೇ ಸೀಳುತ್ತದೆ.

ಕ್ರ್ಯಾಂಕ್ ಕೇಸ್ ಎರಡು ಹೋಳು ಮಾಡಿದ ಮೇಲೆ ಹವ್ಯಾಸಿಯ ಧೈರ್ಯದ ಪರೀಕ್ಷೆ. ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯುವುದು ಸುಲಭದ ದಾರಿ, ಕೇಸು ಒಡೆಯುವುದಕ್ಕೂ ಅದೇ ದಾರಿ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಕೇಸನ್ನು ಹದವಾಗಿ ಕಾಯಿಸಿದರೆ ಉಕ್ಕಿನ ಬೇರಿಂಗು ತಾನೇ ಸಡಿಲಾಗಿ ಕಳಚಿ ಬೀಳುತ್ತದೆ. ಕೆಲವರು ಹಳೆಯ ರೊಟ್ಟಿ ಹಂಚಿನ ಮೇಲಿಟ್ಟು ಕಾಯಿಸುತ್ತಾರೆ. ಮನೆಯವರು ದಿನಾ ಜೋಳದ ರೊಟ್ಟಿ ಬೇಯಿಸುವ ಹಂಚನ್ನು ಮುಟ್ಟದಿದ್ದರೆ ಒಳಿತು. ಪೆಟ್ರೋಲು, ಎಣ್ಣೆಯ ಪಸೆ ಪೂರ್ತಿ ಹೋಗುವ ತನಕ ಬೆಂಕಿಯ ಹತ್ತಿರ ಒಯ್ಯಲೂಬಾರದು. ಕ್ರ್ಯಾಂಕ್ ಒತ್ತಿ ಬಿಡಿಸಿ ಹೊಸ ಕನೆಕ್ಟಿಂಗ್ ರಾಡ್ ಹಾಕಿ ಮತ್ತೆ ನೇರ ಮಾಡುವ ಕೆಲಸ ಮಾತ್ರ ಮನೆಯದಲ್ಲ, ಅದಕ್ಕೆ ಪ್ರೆಸ್ಸು ಬೇಕು, ಡಯಲ್ ಗೇಜು ಬೇಕು, ಅನುಭವ ಬೇಕು.

ಇಷ್ಟೆಲ್ಲ ಮಾಡಿ ಹತ್ತಾರು ರೂಪಾಯಿಯ ಆಯಿಲ್ ಸೀಲ್ ಬದಲಿಸದೆ ಬಿಟ್ಟವರ ಗೋಳು ಕೇಳಬಾರದು. ಕ್ರ್ಯಾಂಕ್ ಕೇಸೇ ತಿದಿಯಾದ್ದರಿಂದ ತಿದಿಯಲ್ಲಿ ತೂತಿರಬಾರದು. ಮ್ಯಾಗ್ನೆಟ್ ಕಡೆಯ ಸೀಲು ಸೋರಿದರೆ ಹೊರಗಿನ ಗಾಳಿ ಒಳಗೆ ಬಂದು, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಸೀಜ್ ಆಗುತ್ತದೆ. ಕ್ಲಚ್ ಕಡೆಯ ಸೀಲು ಸೋರಿದರೆ ಗೇರ್ ಆಯಿಲ್ ಒಳಗೆ ಹೀರಿಕೊಂಡು, ಊರಿಗೇ ಸೊಳ್ಳೆ ಹೊಗೆ ಹಾಕಿದಂತೆ ಬಿಳಿ ಹೊಗೆ. ಮೇಸ್ತ್ರಿ ಕಾರ್ಬೊರೇಟರ್ ತಿರುವುತ್ತ ಕೂರುತ್ತಾನೆ, ರೋಗ ಇನ್ನೆಲ್ಲೋ ಇರುತ್ತದೆ.

ರೋಗ ಹೇಳುವ ನಾಲಿಗೆ ಪ್ಲಗ್ಗು. ಹತ್ತು ಕಿಲೋಮೀಟರ್ ಓಡಿಸಿ ಬಿಚ್ಚಿ ನೋಡಿದರೆ ತುದಿ ಬಿಸ್ಕತ್ತಿನ ಬಣ್ಣಕ್ಕಿರಬೇಕು. ಕಪ್ಪಗೆ, ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚು ಅಥವಾ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಅಪಾಯ, ಗಾಡಿ ಅಲ್ಲೇ ನಿಲ್ಲಿಸುವುದು ಉತ್ತಮ. ಹಳೆಯ ಜಾವಾಗಳಲ್ಲಿ ಕಿಡಿ ಹುಟ್ಟುವುದು 6 ವೋಲ್ಟಿನ ಬ್ಯಾಟರಿ, ಪಾಯಿಂಟ್ ಸೆಟ್ಟಿನಿಂದ. ಪಾಯಿಂಟಿನ ಬಾಯಿ ಸುಮಾರು 0.4 ಮಿಲಿಮೀಟರ್ ತೆರೆಯಬೇಕು. ಫೀಲರ್ ಗೇಜು ಎಂಬ ತೆಳು ತಗಡಿನ ಕಟ್ಟು ಇದ್ದರೆ ಇದು ಹತ್ತು ನಿಮಿಷದ ಕೆಲಸ. ಅರ್ಧಕ್ಕರ್ಧ ‘ಸ್ಟಾರ್ಟ್ ಆಗ್ತಿಲ್ಲ’ ಎಂಬ ದೂರು ಈ ಹತ್ತು ನಿಮಿಷದಲ್ಲೇ ತೀರುತ್ತದೆ.

ಎಣ್ಣೆಯ ಲೆಕ್ಕ ತಿಳಿಯದವರು ಟೂ ಸ್ಟ್ರೋಕ್ ಮುಟ್ಟಬಾರದು. ಈ ಎಂಜಿನ್ನಿನ ಕೆಳಹೊಟ್ಟೆಯಲ್ಲಿ ಎಣ್ಣೆಯ ಕೊಳವಿಲ್ಲ, ಪೆಟ್ರೋಲಿನ ಜತೆ ಬೆರೆತು ಬಂದ 2ಟಿ ಎಣ್ಣೆಯೇ ಅದರ ಅನ್ನ. ಯೆಜ್ಡಿಯಂಥ ಗಾಡಿಗೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಅಂದರೆ ಲೀಟರಿಗೆ 40 ಮಿಲಿಲೀಟರ್, 5 ಲೀಟರಿಗೆ 200. ಯಮಾಹಾದಲ್ಲಿ ಎಣ್ಣೆಗೆ ಬೇರೆ ಡಬ್ಬಿ, ಅಳೆದು ಕೊಡುವ ಪಂಪು ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಮೇಸ್ತ್ರಿಗಳು ಪಂಪನ್ನು ಎಂದೋ ಕಿತ್ತು ಹಾಕಿರುತ್ತಾರೆ, ಕೊಂಡವರು ಪಂಪಿದೆ ಎಂದು ನಂಬಿ ಬರೀ ಪೆಟ್ರೋಲು ಹಾಕಿ ಹೊರಡುತ್ತಾರೆ. ಎಂಜಿನ್ ಐದಾರು ಕಿಲೋಮೀಟರಿನಲ್ಲಿ ಕಚ್ಚಿಕೊಳ್ಳುತ್ತದೆ. ಉದ್ದ ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುವುದೂ ತಪ್ಪು, ಪೆಟ್ರೋಲು ನಿಂತಾಗ ಎಣ್ಣೆಯೂ ನಿಲ್ಲುತ್ತದೆ. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಒಂದು ಸಲ ರೇಸ್ ಕೊಡುತ್ತಿದ್ದದ್ದು ಶೋಕಿಗಲ್ಲ.

ಈ ಮಿಶ್ರಣದ ವಿದ್ಯೆ ಹಳ್ಳಿಗಳಲ್ಲಿ ಪೂರ್ತಿ ಮರೆತಿಲ್ಲ. ಔಷಧಿ ಸಿಂಪಡಿಸುವ ಪೆಟ್ರೋಲ್ ಸ್ಪ್ರೇಯರು, ಕಳೆ ಕತ್ತರಿಸುವ ಯಂತ್ರಗಳಲ್ಲಿ ಹಲವು ಇಂದಿಗೂ ಟೂ ಸ್ಟ್ರೋಕೇ. ಹಡಗಲಿಯ ಮಲ್ಲಿಗೆ ತೋಟದಲ್ಲೋ ಹಗರಿಬೊಮ್ಮನಹಳ್ಳಿಯ ದಾಳಿಂಬೆ ತೋಟದಲ್ಲೋ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡ ರೈತ ಬಾಟಲಿಯ ಮುಚ್ಚಳದಲ್ಲಿ ಎಣ್ಣೆ ಅಳೆಯುವಾಗ ಮಾಡುತ್ತಿರುವುದು ಜಾವಾ ಸವಾರ ಮಾಡುತ್ತಿದ್ದದ್ದನ್ನೇ. ಹೊಸ ತಲೆನೋವು ಎಥನಾಲ್. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು, ಕಾರ್ಬೊರೇಟರ್ ಖಾಲಿ ಮಾಡಿ ಇಡುವುದು, ಪೈಪುಗಳನ್ನು ಎಥನಾಲ್ ತಾಳುವ ಹೊಸ ರಬ್ಬರಿಗೆ ಬದಲಿಸುವುದು ಜಾಣತನ.

ಬಣ್ಣದ ವಿಷಯದಲ್ಲಿ ಹವ್ಯಾಸಿಗಳಲ್ಲಿ ಎರಡು ಪಕ್ಷ. ಕನ್ನಡಿಯಂತೆ ಹೊಳೆಯಬೇಕು ಎನ್ನುವವರು ಫ್ರೇಮಿಗೂ ಕ್ರೋಮ್ ಮಾಡಿಸಿ, ಕಾರ್ಖಾನೆಯೂ ಕಂಡಿರದ ಬಣ್ಣ ಹೊಡೆಸುತ್ತಾರೆ. ಇನ್ನೊಂದು ಪಕ್ಷದವರು ಟ್ಯಾಂಕಿನ ಮೇಲೆ ಉಳಿದ ಮೂಲ ಬಣ್ಣವನ್ನು, ಗೀರು ಸಮೇತ, ಉಳಿಸಿಕೊಳ್ಳುತ್ತಾರೆ. ಎರಡನೆಯದೇ ಮೇಲು. ಒಮ್ಮೆ ಉಜ್ಜಿ ತೆಗೆದ ಮೂಲ ಬಣ್ಣ ಮತ್ತೆ ಬರುವುದಿಲ್ಲ, ಅಜ್ಜನ ಮೊಣಕಾಲು ತಾಗಿ ಸವೆದ ಟ್ಯಾಂಕಿನ ಜಾಗವನ್ನು ಯಾವ ಪೇಂಟರೂ ಬರೆದುಕೊಡಲಾರ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ.

ಬಿಡಿಭಾಗಕ್ಕೆ ಅಲೆದಾಟ ತಪ್ಪದು. ಹೊಸಪೇಟೆ, ದಾವಣಗೆರೆ, ಹುಬ್ಬಳ್ಳಿಯ ಹಳೆಯ ಅಂಗಡಿಗಳ ಅಟ್ಟದ ಮೇಲೆ ಧೂಳು ತಿನ್ನುವ ಡಬ್ಬಿಗಳಿರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಾಲು ಇನ್ನೊಂದು ದಾರಿ. ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಬೆಂಗಳೂರು, ಮೈಸೂರಿನಲ್ಲಿ ಜಾವಾ, ಯೆಜ್ಡಿಗಳು ಸಾಲುಗಟ್ಟಿ ಸೇರುತ್ತವೆ. ಅಲ್ಲಿ ಒಂದು ದಿನ ಅಡ್ಡಾಡಿದರೆ ಯಾವ ಭಾಗ ಎಲ್ಲಿ ಸಿಗುತ್ತದೆ ಎಂಬ ಸುದ್ದಿ ತಿಂಗಳ ಹುಡುಕಾಟಕ್ಕಿಂತ ಹೆಚ್ಚು ಸಿಗುತ್ತದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಮತ್ತೆ ಬಂದವು ನಿಜ. ಅವು ನಾಲ್ಕು ಸ್ಟ್ರೋಕಿನವು, ಅವುಗಳ ಒಂದು ಬೋಲ್ಟೂ ಹಳೆಯದಕ್ಕೆ ನೆರವಾಗುವುದಿಲ್ಲ.

ಭಾಗಗಳಿಗಿಂತ ಬೇಗ ಕಾಣೆಯಾಗುತ್ತಿರುವುದು ಕೈಗಳು. ಕಿವಿಗೊಟ್ಟೇ ಟೈಮಿಂಗ್ ಹೇಳಬಲ್ಲ ಮೇಸ್ತ್ರಿಗಳಿಗೆ ಈಗ ಅರವತ್ತು, ಎಪ್ಪತ್ತು. ಅವರ ಮಕ್ಕಳು ಅಂಗಡಿ ನಡೆಸಿದರೂ ಕಂಪ್ಯೂಟರ್ ಜೋಡಿಸುವ ಬೈಕುಗಳಿಗೆ ಹೊಂದಿಕೊಂಡಿದ್ದಾರೆ. ಕೂಡ್ಲಿಗಿಯಲ್ಲೋ ಕೊಟ್ಟೂರಿನಲ್ಲೋ ಅಂಥ ಹಿರಿಯರೊಬ್ಬರು ಇನ್ನೂ ಇದ್ದರೆ, ಹವ್ಯಾಸಿಗಳು ಗಾಡಿ ಬಿಟ್ಟು ಬರುವ ಬದಲು ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡುತ್ತ ಒಂದು ಎಂಜಿನ್ ಪೂರ್ತಿ ಜೋಡಿಸುವುದನ್ನು ನೋಡಲಿ.

ಮತ್ತು ಮನೆಯ ಹಿಂದೆ ಅಂಥದೊಂದು ಗಾಡಿ ನಿಂತಿರುವವರಿಗೆ ಒಂದು ವಿನಂತಿ. ಗುಜರಿಯವನು ಬಂದು ಕಿಲೋ ಲೆಕ್ಕ ಹೇಳುವ ಮೊದಲು ಅಜ್ಜನ ಟ್ರಂಕು ತೆಗೆದು, ಮಡಿಸಿಟ್ಟ ಪಹಣಿ, ಕಂದಾಯದ ರಸೀದಿಗಳ ನಡುವೆ ಆ ಆರ್‌ಸಿ ಪುಸ್ತಕ ಇದೆಯೇ ನೋಡಿ.